ಮನೆಯ ಕಂಪ್ಯೂಟರಿನಲ್ಲಿ ಮೋಸದ ಪಾಪ್‌-ಅಪ್ ಮತ್ತು ಸ್ಪೈವೇರ್: ದೋಷದ ಮೂಲ ಹುಡುಕುವ ಕ್ರಮ

ಪರದೆಯ ಬಲಭಾಗದ ಕೆಳಮೂಲೆಯಲ್ಲಿ ಒಂದು ಚೌಕ ಮೂಡಿ, ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳು ಸಿಕ್ಕಿವೆ, ಕೂಡಲೇ ಸ್ವಚ್ಛಗೊಳಿಸಿ ಎನ್ನುತ್ತದೆ. ಅದನ್ನು ಮುಚ್ಚಿದ ಎರಡು ನಿಮಿಷಕ್ಕೆ ಅಂಥದೇ ಇನ್ನೊಂದು ಬರುತ್ತದೆ. ಇಂಥ ಸ್ಥಿತಿಯಲ್ಲಿ ಬಹಳಷ್ಟು ಜನ ಮೊದಲು ಮಾಡುವ ಕೆಲಸವೆಂದರೆ ಕೈಗೆ ಸಿಕ್ಕ ಆಂಟಿವೈರಸ್‌ಗಳನ್ನೆಲ್ಲ ಇಳಿಸಿಕೊಂಡು ಒಂದಾದ ಮೇಲೊಂದರಂತೆ ಸ್ಕ್ಯಾನ್ ಮಾಡುವುದು. ಗಂಟೆಗಟ್ಟಲೆ ನಡೆದ ಸ್ಕ್ಯಾನ್ ಮುಗಿದು, ಯಾವ ಅಪಾಯವೂ ಇಲ್ಲ ಎಂಬ ಹಸಿರು ಗುರುತು ಬಂದ ಮೇಲೂ ಅದೇ ಮೂಲೆಯಲ್ಲಿ ಅದೇ ಚೌಕ ಮತ್ತೆ ಮೂಡಿದಾಗ, ಇದು ಆಂಟಿವೈರಸ್ಸಿಗೂ ನಿಲುಕದ ಭಾರೀ ವೈರಸ್ಸೇ ಇರಬೇಕೆಂದು ಹೆದರಿ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿಸಿಕೊಂಡವರೂ ಇದ್ದಾರೆ. ಅವರಲ್ಲಿ ಕೆಲವರಿಗೆ, ಹೊಸ ವಿಂಡೋಸಿನಲ್ಲಿ ಬ್ರೌಸರಿಗೆ ಲಾಗಿನ್ ಆದ ಸ್ವಲ್ಪ ಹೊತ್ತಿನಲ್ಲೇ ಹಳೆಯ ತೊಂದರೆ ಮರಳಿ ಬಂದದ್ದೂ ಉಂಟು.

ಇದರಲ್ಲಿ ಸ್ಕ್ಯಾನರಿನ ತಪ್ಪೇನೂ ಇಲ್ಲ. ಅದು ಹುಡುಕುವ ಜಾಗ ಬೇರೆ, ತೊಂದರೆ ಇರುವ ಜಾಗ ಬೇರೆ. ಆದ್ದರಿಂದ ಈ ಕೈಪಿಡಿಯಲ್ಲಿ ಸ್ಕ್ಯಾನ್ ಎಂಬುದು ನಡುವೆ ಎಲ್ಲೋ ಬರುತ್ತದೆ. ಮೊದಲು ಬರುವುದು, ಎದುರಿಗಿರುವ ಕಿಟಕಿಯನ್ನು ತೆರೆದವರು ಯಾರು ಎಂಬ ಪ್ರಶ್ನೆ. ಒಂದು ಜಾಲಪುಟ ತೆರೆಯಿತೇ, ಬ್ರೌಸರ್ ತೆರೆಯಿತೇ, ಇಲ್ಲವೇ ವಿಂಡೋಸಿನೊಳಗೆ ಓಡುತ್ತಿರುವ ಬೇರೊಂದು ಪ್ರೋಗ್ರಾಂ ತೆರೆಯಿತೇ ಎಂಬುದು ಗೊತ್ತಾದರೆ ಪರಿಹಾರ ತಾನಾಗಿ ಕಿರಿದಾಗುತ್ತದೆ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಿಜವಾದ ಸ್ಪೈವೇರ್, ಅಂದರೆ ಗುಟ್ಟಾಗಿ ಮಾಹಿತಿ ಕದಿಯುವ ತಂತ್ರಾಂಶ, ಸದ್ದು ಮಾಡುವುದಿಲ್ಲ. ನಿಮ್ಮ ಪಾಸ್‌ವರ್ಡ್ ಕದಿಯಲು ಬಂದದ್ದು ತಾನು ಬಂದಿದ್ದೇನೆಂದು ಮೂಲೆಯಲ್ಲಿ ನಿಂತು ಕೂಗಿಕೊಳ್ಳಲಾರದು. ಕೂಗಿಕೊಳ್ಳುವುದರ ಉದ್ದೇಶ ಸಾಮಾನ್ಯವಾಗಿ ನಿಮ್ಮಿಂದ ಒಂದು ಕ್ಲಿಕ್ಕನ್ನೋ, ಒಂದು ಫೋನ್ ಕರೆಯನ್ನೋ, ಸ್ವಲ್ಪ ಹಣವನ್ನೋ ಹೊರಡಿಸುವುದು. ಎರಡನ್ನೂ ಒಂದೇ ರೋಗವೆಂದು ತಿಳಿದು ಒಂದೇ ಮದ್ದು ಕೊಡುವುದರಿಂದಲೇ ಅರ್ಧದಷ್ಟು ಶ್ರಮ ವ್ಯರ್ಥವಾಗುತ್ತದೆ.

ಇಲ್ಲಿನ ಹೆಜ್ಜೆಗಳನ್ನು ವಿಂಡೋಸ್ 10 ಮತ್ತು 11 ಇರುವ ಕಂಪ್ಯೂಟರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಬ್ರೌಸರಿಗೆ ಸಂಬಂಧಿಸಿದ ಭಾಗ ಎಲ್ಲ ಕಡೆಗೂ ಹೆಚ್ಚುಕಡಿಮೆ ಒಂದೇ.

ಕಿಟಕಿ ಯಾರದು?

ಏನನ್ನೂ ಅಳಿಸುವ ಮೊದಲು ಮೊಬೈಲ್ ತೆಗೆದು ಪರದೆಯ ಫೋಟೋ ಹಿಡಿಯಿರಿ. ಪಾಪ್‌-ಅಪ್‌ನಲ್ಲಿರುವ ಪದಗಳು, ಅದರ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇರಬಹುದಾದ ವಿಳಾಸ, ಬಂದ ಸಮಯ, ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ, ಇಷ್ಟು ಬರೆದಿಟ್ಟುಕೊಂಡರೆ ಮುಂದೆ ಬಹಳ ಅನುಕೂಲ. ಗಾಬರಿಯಲ್ಲಿ ಮುಚ್ಚಿಬಿಟ್ಟ ಕಿಟಕಿಯಲ್ಲಿ ಏನಿತ್ತೆಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಆಮೇಲೆ ಪರೀಕ್ಷೆ. ಎಲ್ಲ ಬ್ರೌಸರ್ ಕಿಟಕಿಗಳನ್ನೂ ಮುಚ್ಚಿ. ಇಲ್ಲೊಂದು ತೊಡಕಿದೆ: ಕ್ರೋಮ್ ಮತ್ತು ಎಡ್ಜ್ ಎರಡೂ ಕಿಟಕಿ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುತ್ತಲೇ ಇರಬಲ್ಲವು. ಹಾಗಾಗಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪಟ್ಟಿಯಲ್ಲಿ ಬ್ರೌಸರಿನ ಹೆಸರು ಉಳಿದಿದ್ದರೆ ಅದನ್ನೂ ಕೊನೆಗಾಣಿಸಬೇಕು. ನಂತರ ಕಾಯಿರಿ. ಎಷ್ಟು ಹೊತ್ತು ಎಂದರೆ, ನೀವು ಬರೆದಿಟ್ಟುಕೊಂಡ ಅಂತರದ ಎರಡು ಮೂರು ಪಟ್ಟು. ಬ್ರೌಸರ್ ಸಂಪೂರ್ಣವಾಗಿ ನಿಂತಿದ್ದಾಗ ಪಾಪ್‌-ಅಪ್ ಬರಲೇ ಇಲ್ಲವೆಂದಾದರೆ ಮೂಲ ಇರುವುದು ಬ್ರೌಸರಿನಲ್ಲಿ. ಬ್ರೌಸರ್ ಇಲ್ಲದೆಯೂ ಬಂದರೆ ಅದು ವಿಂಡೋಸಿನಲ್ಲಿ ಅನುಸ್ಥಾಪಿತವಾದ ಯಾವುದೋ ಪ್ರೋಗ್ರಾಂ. ಮುಚ್ಚಿದ ಬ್ರೌಸರ್ ತಾನಾಗಿಯೇ ತೆರೆದುಕೊಂಡು ಜಾಹೀರಾತಿನ ಪುಟ ತೋರಿಸಿದರೆ, ಬ್ರೌಸರನ್ನು ಹೊರಗಿನಿಂದ ಯಾರೋ ಎಬ್ಬಿಸುತ್ತಿದ್ದಾರೆಂದು ಅರ್ಥ. ಆಗ ನೋಡಬೇಕಾದದ್ದು ವೇಳಾಪಟ್ಟಿಯ ಕೆಲಸಗಳನ್ನು. ಅದರ ವಿವರ ಮುಂದೆ ಬರುತ್ತದೆ.

ಪರದೆ ತುಂಬಿಕೊಂಡು ಹೆದರಿಸುವ ಪುಟ

ಕೆಂಪು ಅಥವಾ ನೀಲಿ ಹಿನ್ನೆಲೆ, ಗಟ್ಟಿಯಾಗಿ ಓದಿ ಹೇಳುವ ಧ್ವನಿ, ಕಾಣದಾದ ಮೌಸ್ ಬಾಣ, ಈ ಸಂಖ್ಯೆಗೆ ಕರೆ ಮಾಡಿ ಎಂಬ ಆದೇಶ, ಕಂಪ್ಯೂಟರ್ ಆಫ್ ಮಾಡಿದರೆ ದತ್ತಾಂಶವೆಲ್ಲ ನಾಶವಾಗುತ್ತದೆ ಎಂಬ ಬೆದರಿಕೆ. ನೋಡಲು ಭಯಂಕರವಾದರೂ ಎಲ್ಲ ದೋಷಗಳ ಪೈಕಿ ಅತ್ಯಂತ ಸುಲಭವಾಗಿ ನಿವಾರಣೆಯಾಗುವುದು ಇದೇ, ಏಕೆಂದರೆ ಅದು ಪೂರ್ಣಪರದೆಗೆ ಹೋದ ಒಂದು ಸಾಮಾನ್ಯ ಜಾಲಪುಟವಷ್ಟೇ. ಬ್ರೌಸರ್ ಪ್ರತಿ ಪುಟವನ್ನೂ ಗೋಡೆ ಕಟ್ಟಿದ ಕೋಣೆಯಲ್ಲಿ ಇಟ್ಟಿರುತ್ತದೆ. ಅಲ್ಲಿಂದ ಒಂದು ಪುಟ ನಿಮ್ಮ ಡಿಸ್ಕನ್ನು ಸ್ಕ್ಯಾನ್ ಮಾಡಲಾರದು. ಪರದೆಯಲ್ಲಿ ಓಡುವ ಕಡತಗಳ ಹೆಸರಿನ ಪಟ್ಟಿ ಕೇವಲ ಒಂದು ಆನಿಮೇಷನ್. ನಿಮ್ಮ ಊರು, ಐಪಿ ವಿಳಾಸ, ಬ್ರೌಸರಿನ ಹೆಸರು ಅದಕ್ಕೆ ಗೊತ್ತಿರುವುದನ್ನು ಕಂಡು ಬೆಚ್ಚಬೇಕಾಗಿಲ್ಲ, ಏಕೆಂದರೆ ಇವು ನೀವು ಭೇಟಿ ಕೊಡುವ ಪ್ರತಿಯೊಂದು ಜಾಲತಾಣಕ್ಕೂ ತಿಳಿಯುವ ಸಂಗತಿಗಳು. ಇನ್ನು ಫೋನ್ ಸಂಖ್ಯೆಯ ವಿಚಾರ: ತನ್ನ ದೋಷ ಸಂದೇಶಗಳಲ್ಲಿ ಫೋನ್ ಸಂಖ್ಯೆ ಎಂದಿಗೂ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಸಂಖ್ಯೆ ಇದೆ ಎಂದ ಮೇಲೆ ಬೇರೆ ಪುರಾವೆ ಬೇಡ.

ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಪೂರ್ಣಪರದೆ ಕಳಚಿಕೊಂಡು ಟ್ಯಾಬ್ ಮುಚ್ಚುವ ಗುರುತು ಕಾಣಿಸುತ್ತದೆ. ಆಗದಿದ್ದರೆ ಆಲ್ಟ್ ಮತ್ತು ಎಫ್4, ಅದಕ್ಕೂ ಬಗ್ಗದಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನು ಆರಿಸಿ ‘ಎಂಡ್ ಟಾಸ್ಕ್’. ಮುಂದಿನ ಬಾರಿ ಬ್ರೌಸರ್ ತೆರೆದಾಗ, ಹಿಂದಿನ ಪುಟಗಳನ್ನು ಮತ್ತೆ ತೆರೆಯಲೇ ಎಂದು ಕೇಳಿದರೆ ಬೇಡವೆನ್ನಬೇಕು. ಬೇಕೆಂದರೆ ಓಡಿಸಿದ ಅತಿಥಿ ಮತ್ತೆ ಒಳಗೆ. ಪುಟ ಕಂಡದ್ದರಿಂದ ಮಾತ್ರ ಕಂಪ್ಯೂಟರಿಗೆ ಸೋಂಕು ತಗುಲಿತೆಂದು ತಿಳಿಯಬೇಕಾಗಿಲ್ಲ. ಆ ಸಂಖ್ಯೆಗೆ ಕರೆ ಮಾಡಿ, ಅವರು ಹೇಳಿದಂತೆ ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್‌ನಂಥ ದೂರನಿಯಂತ್ರಣದ ತಂತ್ರಾಂಶ ಹಾಕಿಕೊಂಡಿದ್ದರೆ ಮಾತ್ರ ಪ್ರಕರಣ ಬೇರೆಯಾಗುತ್ತದೆ. ಈ ತಂತ್ರಾಂಶಗಳು ಸ್ವತಃ ನ್ಯಾಯಬದ್ಧವಾದವು, ಆಂಟಿವೈರಸ್ ಅವುಗಳನ್ನು ತಡೆಯುವ ಭರವಸೆಯಿಲ್ಲ, ಆದರೆ ಅತ್ತ ಕುಳಿತವನು ನಿಮ್ಮ ಕುರ್ಚಿಯಲ್ಲೇ ಕುಳಿತಂತೆ. ಅಂಥ ಸಂದರ್ಭದಲ್ಲಿ ಮೊದಲು ವೈ-ಫೈ ಕಡಿದುಹಾಕಿ, ಬ್ಯಾಂಕಿಗೆ ಬೇರೆ ಫೋನಿನಿಂದ ತಿಳಿಸಿ, ನಂತರ ಕಡೆಯ ಎರಡು ಭಾಗಗಳನ್ನು ಓದಿಕೊಳ್ಳಿ.

ಮೂಲೆಯಲ್ಲಿ ಮೂಡುವ ಚೌಕಗಳು

ಇಂದು ಜನ ‘ಪಾಪ್‌-ಅಪ್ ವೈರಸ್’ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಈ ಬಗೆಯದು, ಮತ್ತು ಇದು ವೈರಸ್ಸೇ ಅಲ್ಲ. ಸುದ್ದಿ ತಾಣಗಳೂ ಮಿಂಚಂಚೆಗಳೂ ಹೊಸದೇನಾದರೂ ಬಂದಾಗ ತಿಳಿಸಲಿ ಎಂದು ಬ್ರೌಸರ್‌ಗಳಲ್ಲಿ ನೋಟಿಫಿಕೇಷನ್ ವ್ಯವಸ್ಥೆಯಿದೆ. ಒಮ್ಮೆ ಅನುಮತಿ ಕೊಟ್ಟರೆ, ಆ ತಾಣದ ಪುಟ ತೆರೆದಿರದಿದ್ದರೂ ಅದು ಸಂದೇಶ ಕಳಿಸಬಲ್ಲದು. ಮೋಸಗಾರರು ಈ ಅನುಮತಿಯನ್ನು ನೇರವಾಗಿ ಕೇಳುವುದಿಲ್ಲ. ಚಲನಚಿತ್ರವೊಂದನ್ನು ಪುಕ್ಕಟೆ ತೋರಿಸುವ ಪುಟದಲ್ಲಿ ಸುತ್ತುವ ಚಕ್ರವೊಂದನ್ನಿಟ್ಟು, ನೀವು ರೋಬಾಟ್ ಅಲ್ಲವೆಂದು ತೋರಿಸಲು ‘ಅಲೋ’ ಒತ್ತಿ ಎನ್ನುತ್ತಾರೆ. ಅದೇ ಕ್ಷಣಕ್ಕೆ ವಿಳಾಸಪಟ್ಟಿಯ ಕೆಳಗೆ ಬ್ರೌಸರಿನ ನಿಜವಾದ ಪ್ರಶ್ನೆ, ಅಂದರೆ ಈ ತಾಣ ಸೂಚನೆಗಳನ್ನು ಕಳಿಸಲು ಬಯಸುತ್ತದೆ ಎಂಬುದು, ಪ್ರತ್ಯಕ್ಷವಾಗುತ್ತದೆ. ಅಲ್ಲಿರುವ ಗುಂಡಿಯ ಹೆಸರೂ ‘ಅಲೋ’. ಅದನ್ನು ಒತ್ತಿದ್ದು ನೀವೇ. ಬ್ರೌಸರ್ ನಿಮ್ಮ ಮಾತನ್ನು ನಡೆಸಿಕೊಡುತ್ತಿದೆ.

ಚೌಕವನ್ನು ಹತ್ತಿರದಿಂದ ನೋಡಿ. ದೊಡ್ಡದಾಗಿ ಆಂಟಿವೈರಸ್ ಕಂಪನಿಯೊಂದರ ಲಾಂಛನ ಇರುತ್ತದೆ, ದಪ್ಪಕ್ಷರದಲ್ಲಿ ‘ನಿಮ್ಮ ರಕ್ಷಣೆ ಮುಗಿದಿದೆ’ ಎಂದಿರುತ್ತದೆ. ಇವೆರಡನ್ನೂ ಕಳಿಸುವವನೇ ಆರಿಸಿಕೊಳ್ಳುವುದರಿಂದ ಇವುಗಳಿಗೆ ಕವಡೆ ಕಾಸಿನ ಬೆಲೆಯಿಲ್ಲ. ಆದರೆ ಅವನ ಹಿಡಿತಕ್ಕೆ ಸಿಗದ ಎರಡು ಗುರುತುಗಳನ್ನು ವ್ಯವಸ್ಥೆಯೇ ಹಾಕುತ್ತದೆ: ಒಂದು, ಬ್ರೌಸರಿನ ಹೆಸರು, ಇನ್ನೊಂದು, ಸಂದೇಶದ ಪಕ್ಕದಲ್ಲೋ ಕೆಳಗೋ ಮಾಸಲು ಬಣ್ಣದ ಸಣ್ಣ ಅಕ್ಷರಗಳಲ್ಲಿ, ಅರ್ಥವಿಲ್ಲದ ಅಕ್ಷರಗಳನ್ನು ಪೋಣಿಸಿದಂತೆ ಕಾಣುವ ಒಂದು ಜಾಲತಾಣದ ವಿಳಾಸ. ನಿಜವಾದ ಆಂಟಿವೈರಸ್ ತನ್ನ ಎಚ್ಚರಿಕೆಯನ್ನು ಕ್ರೋಮ್ ಮೂಲಕ ಯಾವುದೋ ಅಪರಿಚಿತ ವಿಳಾಸದಿಂದ ಕಳಿಸುವುದಿಲ್ಲ. ಆ ವಿಳಾಸವೇ ನಿಮಗೆ ಬೇಕಾದ ಉತ್ತರ.

ಚೌಕದ ಮೈಮೇಲೆ ಎಲ್ಲಿಯೂ ಕ್ಲಿಕ್ ಮಾಡದೆ, ಕ್ರೋಮಿನಲ್ಲಿ ಸೆಟ್ಟಿಂಗ್ಸ್, ‘ಪ್ರೈವಸಿ ಅಂಡ್ ಸೆಕ್ಯುರಿಟಿ’, ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಷನ್ಸ್’ ಎಂಬ ದಾರಿ ಹಿಡಿಯಿರಿ. ಎಡ್ಜ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್ ಪುಟದ ಹುಡುಕು ಪಟ್ಟಿಯಲ್ಲಿ ನೋಟಿಫಿಕೇಷನ್ಸ್ ಎಂದು ಟೈಪ್ ಮಾಡಿದರೆ ಅದೇ ಜಾಗ ಸಿಗುತ್ತದೆ. ಅನುಮತಿ ಪಡೆದ ತಾಣಗಳ ಪಟ್ಟಿಯಲ್ಲಿ ಗುರುತಿಲ್ಲದ್ದನ್ನೆಲ್ಲ ತೆಗೆದುಹಾಕಬಹುದು, ಆದರೆ ತೆಗೆಯುವುದಕ್ಕಿಂತ ‘ಬ್ಲಾಕ್’ ಮಾಡುವುದು ಮೇಲು, ಏಕೆಂದರೆ ತೆಗೆದ ತಾಣ ಮುಂದೆ ಮತ್ತೆ ಕೇಳಬಹುದು. ಅದೇ ಪುಟದಲ್ಲಿ, ಯಾವ ತಾಣವೂ ಸೂಚನೆಗೆ ಅನುಮತಿ ಕೇಳದಂತೆ ಮಾಡುವ ಆಯ್ಕೆಯೂ ಇದೆ. ಮನೆಯ ಕಂಪ್ಯೂಟರಿನಲ್ಲಿ ಆ ಆಯ್ಕೆಯನ್ನೇ ಆಯ್ದುಕೊಳ್ಳುವುದು ಸರಿ ಎಂಬುದು ನನ್ನ ಅಭಿಪ್ರಾಯ. ಇದುವರೆಗೆ ಈ ಸೂಚನೆಗಳ ಅಭಾವದಿಂದ ಕಷ್ಟಪಟ್ಟವರನ್ನು ನಾನು ಕಂಡಿಲ್ಲ.

ಈ ದಾರಿ ಹೊಸದಾದರೂ ಹಂಚಿಕೆ ಹಳೆಯದು. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ, ಕಚೇರಿಯ ಜಾಲದೊಳಗೆ ಪರಸ್ಪರ ಸಂದೇಶ ಕಳಿಸಲೆಂದು ಇದ್ದ ಮೆಸೆಂಜರ್ ಸರ್ವೀಸ್ ಎಂಬ ಸೌಲಭ್ಯವನ್ನು ಜಾಹೀರಾತುದಾರರು ಹೀಗೆಯೇ ದುರುಪಯೋಗ ಮಾಡುತ್ತಿದ್ದರು. 2004ರ ಆಗಸ್ಟ್‌ನಲ್ಲಿ ಬಂದ ಸರ್ವೀಸ್ ಪ್ಯಾಕ್ 2 ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಿತು, ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಪಾಪ್‌-ಅಪ್ ತಡೆಯನ್ನೂ ತಂದಿತು.

ಎಕ್ಸ್‌ಟೆನ್ಷನ್‌ಗಳು

ಹುಡುಕಿದ್ದೆಲ್ಲ ಅಪರಿಚಿತ ಹುಡುಕುತಾಣಕ್ಕೆ ಹೋಗುವುದು, ಯಾವ ತಾಣ ತೆರೆದರೂ ಅದರ ಪಠ್ಯದ ನಡುವೆ ಒಂದೇ ಬಗೆಯ ಜಾಹೀರಾತುಗಳು ತೂರಿಕೊಂಡಿರುವುದು, ಮುಖಪುಟ ತಾನಾಗಿ ಬದಲಾಗುವುದು: ಇವು ಬ್ರೌಸರಿಗೆ ಹೆಚ್ಚುವರಿಯಾಗಿ ಜೋಡಿಸಿಕೊಳ್ಳುವ ಪುಟ್ಟ ತಂತ್ರಾಂಶದ, ಅಂದರೆ ಎಕ್ಸ್‌ಟೆನ್ಷನ್ನಿನ, ಲಕ್ಷಣಗಳು. ಮೊದಲು ಬ್ರೌಸರಿನಲ್ಲಿ ಹೊಸ ಪ್ರೊಫೈಲ್ (ತನ್ನದೇ ಸೆಟ್ಟಿಂಗ್ಸ್ ಇರುವ ಪ್ರತ್ಯೇಕ ಖಾನೆ) ಒಂದನ್ನು ಮಾಡಿ, ಯಾವ ಖಾತೆಗೂ ಲಾಗಿನ್ ಆಗದೆ ಅದರಲ್ಲಿ ಹುಡುಕಿ ನೋಡಿ. ಅಲ್ಲಿ ಎಲ್ಲವೂ ನೆಟ್ಟಗಿದ್ದರೆ ದೋಷ ಹಳೆಯ ಪ್ರೊಫೈಲಿನಲ್ಲಿದೆ. ಆಗ ಹಳೆಯದಕ್ಕೆ ಮರಳಿ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ನಿಲ್ಲಿಸಿ, ಒಂದೊಂದಾಗಿ ಹೊತ್ತಿಸುತ್ತ ಬನ್ನಿ.

ನಾನೇ ಹಾಕಿಕೊಂಡದ್ದು, ಎರಡು ವರ್ಷದಿಂದ ಇದೆ, ಅದರದ್ದೇನೂ ತೊಂದರೆಯಿಲ್ಲ ಎಂದು ಯಾವುದನ್ನೂ ಪರೀಕ್ಷೆಯಿಂದ ಬಿಡಬಾರದು. ಎಕ್ಸ್‌ಟೆನ್ಷನ್‌ಗಳು ಒಬ್ಬರಿಂದ ಇನ್ನೊಬ್ಬರಿಗೆ ಮಾರಾಟವಾಗುತ್ತವೆ, ಮತ್ತು ಹೊಸ ಒಡೆಯನ ಆವೃತ್ತಿ ನಿಮ್ಮನ್ನು ಕೇಳದೆಯೇ ಅಪ್‌ಡೇಟ್ ಆಗಿ ಬಂದು ಕೂರುತ್ತದೆ. ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿದ್ದ ‘ದ ಗ್ರೇಟ್ ಸಸ್ಪೆಂಡರ್’ ಎಂಬ ಜನಪ್ರಿಯ ಎಕ್ಸ್‌ಟೆನ್ಷನ್ 2020ರಲ್ಲಿ ಕೈಬದಲಾಯಿತು. 2021ರ ಫೆಬ್ರವರಿಯಲ್ಲಿ ಅದರಲ್ಲಿ ಕುತಂತ್ರಾಂಶವಿದೆ ಎಂಬ ಕಾರಣಕ್ಕೆ ಗೂಗಲ್ ಅದನ್ನು ತೆಗೆದುಹಾಕಿತು. ಹಾಕಿಕೊಂಡವರು ಮಾಡಿದ ತಪ್ಪು ಏನೂ ಇರಲಿಲ್ಲ.

ಎಕ್ಸ್‌ಟೆನ್ಷನ್ ಅಳಿಸುವ ಗುಂಡಿಯೇ ಮಾಸಿಹೋಗಿದ್ದು, ಮೆನುವಿನ ಕೊನೆಯಲ್ಲಿ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಕಂಡರೆ, ಮನೆಯ ಕಂಪ್ಯೂಟರಿಗೆ ಯಾವ ಸಂಸ್ಥೆ ಎಂದು ಕೇಳಬೇಕಾದ ಸಮಯ ಅದು. ಕಚೇರಿಗಳು ತಮ್ಮ ಕಂಪ್ಯೂಟರುಗಳ ಬ್ರೌಸರನ್ನು ಕಟ್ಟಿಹಾಕಲು ಬಳಸುವ ‘ಪಾಲಿಸಿ’ ಎಂಬ ನಿಯಮಗಳನ್ನು ಕುತಂತ್ರಾಂಶಗಳು ವಿಂಡೋಸಿನ ರಿಜಿಸ್ಟ್ರಿಯಲ್ಲಿ, ಅಂದರೆ ಅದರ ಒಳಗಿನ ಸೆಟ್ಟಿಂಗ್ಸ್‌ನ ಉಗ್ರಾಣದಲ್ಲಿ, ಬರೆದು, ತಮ್ಮ ಎಕ್ಸ್‌ಟೆನ್ಷನ್ ಅಳಿಸಲಾಗದಂತೆ ಮಾಡುತ್ತವೆ. ಹಾಗೆಂದು ಆ ಸಾಲು ಕಂಡ ಕೂಡಲೇ ರಿಜಿಸ್ಟ್ರಿಗೆ ಕೈ ಹಾಕಬೇಡಿ, ಏಕೆಂದರೆ ಕೆಲವು ಆಂಟಿವೈರಸ್‌ಗಳೂ ಇಂಥ ನಿಯಮ ಬರೆಯುತ್ತವೆ. ಕ್ರೋಮಿನ ವಿಳಾಸಪಟ್ಟಿಯಲ್ಲಿ ಕ್ರೋಮ್, ಒಂದು ಕೋಲನ್, ಎರಡು ಓರೆಗೆರೆ, ಪಾಲಿಸಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಜಾರಿಯಲ್ಲಿರುವ ನಿಯಮಗಳ ಪಟ್ಟಿ ಕಾಣುತ್ತದೆ. ಎಕ್ಸ್‌ಟೆನ್ಷನ್ ಒಂದನ್ನು ಬಲವಂತವಾಗಿ ಹಾಕುವ ನಿಯಮ ಅಲ್ಲಿದ್ದು, ಅದರ ಗುರುತಿನ ಅಕ್ಷರಮಾಲೆ ನಿಮ್ಮನ್ನು ಕಾಡುತ್ತಿರುವ ಎಕ್ಸ್‌ಟೆನ್ಷನ್ನಿನದೇ ಆಗಿದ್ದರೆ ಸಂದೇಹಕ್ಕೆ ಎಡೆಯಿಲ್ಲ. ಇದನ್ನು ಕೈಯಿಂದ ಬಿಡಿಸುವುದಕ್ಕಿಂತ ಮಾಲ್‌ವೇರ್‌ಬೈಟ್ಸ್‌ನವರ ಆಡ್‌ವ್ಕ್ಲೀನರ್‌ನಂಥ ಉಪಕರಣಕ್ಕೆ ಬಿಡುವುದು ಕ್ಷೇಮ.

ನನ್ನನ್ನು ಎರಡು ಸಂಜೆ ಸತಾಯಿಸಿದ ಪ್ರಕರಣವೊಂದನ್ನು ಇಲ್ಲಿ ಹೇಳಬೇಕು. ಪರಿಚಿತರೊಬ್ಬರ ಕಂಪ್ಯೂಟರಿನಲ್ಲಿ ಹುಡುಕಾಟವೆಲ್ಲ ಅಡ್ಡದಾರಿ ಹಿಡಿಯುತ್ತಿತ್ತು. ಬ್ರೌಸರನ್ನು ತೆಗೆದುಹಾಕಿ ಹೊಸದಾಗಿ ಹಾಕಿದೆ. ಅವರು ಲಾಗಿನ್ ಆದರು. ಐದೇ ನಿಮಿಷದಲ್ಲಿ ಎಲ್ಲವೂ ಮೊದಲಿನಂತೆಯೇ ಆಯಿತು. ಸ್ಕ್ಯಾನ್‌ಗಳೆಲ್ಲ ಶುದ್ಧವೆಂದವು. ಮರುದಿನ ಹೊಳೆದದ್ದು: ಬ್ರೌಸರಿನ ಸಿಂಕ್ ಸೌಲಭ್ಯ ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನೂ ಖಾತೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿರುತ್ತದೆ, ಲಾಗಿನ್ ಆದೊಡನೆ ನಿಷ್ಠೆಯಿಂದ ಮರಳಿ ತಂದುಕೊಡುತ್ತದೆ. ಲಾಗಿನ್ ಆಗಿ ಸಿಂಕ್ ನಡೆಯುತ್ತಿರುವಾಗಲೇ ಎಕ್ಸ್‌ಟೆನ್ಷನ್ನನ್ನು ಅಳಿಸಿದರೆ ಖಾತೆಯಿಂದಲೂ ಅದು ಹೋಗುತ್ತದೆ. ಬ್ರೌಸರನ್ನೇ ಕಿತ್ತು ಹಾಕಿದ ನಾನು ದೋಷ ಇಲ್ಲದ ಜಾಗವನ್ನು ಗುಡಿಸುತ್ತಿದ್ದೆ.

ಕಡೆಗೆ, ಡೆಸ್ಕ್‌ಟಾಪಿನಲ್ಲಿರುವ ಬ್ರೌಸರ್ ಶಾರ್ಟ್‌ಕಟ್ಟಿನ ಮೇಲೆ ಬಲಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ನಲ್ಲಿ ‘ಟಾರ್ಗೆಟ್’ ಸಾಲನ್ನೂ ಓದಿ. ಪ್ರೋಗ್ರಾಮಿನ ಹೆಸರು ಮುಗಿದ ಮೇಲೆ ಜಾಲತಾಣವೊಂದರ ವಿಳಾಸವನ್ನು ಬಾಲದಂತೆ ಅಂಟಿಸಿದ್ದರೆ ಅದನ್ನು ಕತ್ತರಿಸಿ.

ವಿಂಡೋಸಿನೊಳಗೆ ಕುಳಿತ ಪ್ರೋಗ್ರಾಂ

ಪರೀಕ್ಷೆ ಬ್ರೌಸರಿನ ಹೊರಗೆ ಬೆರಳು ತೋರಿಸಿದ್ದರೆ, ‘ಇನ್‌ಸ್ಟಾಲ್ಡ್ ಆ್ಯಪ್ಸ್’ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ನೋಡಿ. ತೊಂದರೆ ಆರಂಭವಾದ ದಿನವೇ ಬಂದವು ಯಾವುವೋ ಅವು ಮೊದಲ ಆರೋಪಿಗಳು. ಉಚಿತ ತಂತ್ರಾಂಶವೊಂದನ್ನು ಹಾಕುವಾಗ ಅವಸರದಲ್ಲಿ ‘ನೆಕ್ಸ್ಟ್’ ಒತ್ತುತ್ತ ಹೋದರೆ ಜೊತೆಗೆ ಇನ್ನೆರಡು ಸೇರಿಕೊಂಡು ಬರುವುದು ಮಾಮೂಲು. ಕಾನೂನಿನ ಕಣ್ಣಿಗೆ ನೀವು ಒಪ್ಪಿಗೆ ಕೊಟ್ಟೇ ಹಾಕಿಕೊಂಡ ಈ ಬಗೆಯ ಸರಕನ್ನು ಆಂಟಿವೈರಸ್‌ಗಳು ವೈರಸ್ ಎಂದು ಕರೆಯಲು ಹಿಂಜರಿದು, ಬಹುಶಃ ಬೇಡವಾದದ್ದು ಎಂಬ ಅರ್ಥದ ಬೇರೆ ವರ್ಗದಲ್ಲಿ ಇಡುತ್ತವೆ. ವಿಂಡೋಸ್ ಸೆಕ್ಯುರಿಟಿಯ ‘ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್’ ಪುಟದೊಳಗೆ ಈ ವರ್ಗವನ್ನೂ ತಡೆಯುವ ಆಯ್ಕೆಯಿದ್ದು, ಅದು ಹೊತ್ತಿಕೊಂಡಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಪಟ್ಟಿಯಲ್ಲಿ ಏನೂ ಸಿಗದೆ, ಬ್ರೌಸರ್ ಮಾತ್ರ ಗಂಟೆಗೊಮ್ಮೆ ತಾನಾಗಿ ತೆರೆದುಕೊಳ್ಳುತ್ತಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ‘ಟಾಸ್ಕ್ ಶೆಡ್ಯೂಲರ್’ ಹುಡುಕಿ ತೆರೆಯಿರಿ. ಎಡಗಡೆಯ ‘ಲೈಬ್ರರಿ’ ಒತ್ತಿದರೆ ನಡುವಿನಲ್ಲಿ ಪಟ್ಟಿ ಬರುತ್ತದೆ. ಹೆಸರುಗಳನ್ನು ನಂಬಬೇಡಿ, ‘ಅಪ್‌ಡೇಟ್’ ಎಂಬ ಪದ ಎಲ್ಲದರಲ್ಲೂ ಇರುತ್ತದೆ. ಪ್ರತಿಯೊಂದನ್ನೂ ಆರಿಸಿ ಕೆಳಗಿನ ಎರಡು ಟ್ಯಾಬ್ ಓದಿ: ‘ಟ್ರಿಗರ್ಸ್’ ಎಂಬಲ್ಲಿ ಯಾವಾಗ ಓಡುತ್ತದೆ ಎಂದಿರುತ್ತದೆ, ‘ಆ್ಯಕ್ಷನ್ಸ್’ ಎಂಬಲ್ಲಿ ಏನನ್ನು ಓಡಿಸುತ್ತದೆ ಎಂದಿರುತ್ತದೆ. ಲಾಗಿನ್ ಆದಾಗ ಶುರುವಾಗಿ ಪ್ರತಿ ಗಂಟೆಗೆ ಮರುಕಳಿಸುವ ಕೆಲಸವೊಂದರ ಆ್ಯಕ್ಷನ್ ಸಾಲಿನಲ್ಲಿ ಬ್ರೌಸರಿನ ಹೆಸರೂ ಅದರ ಮುಂದೆ ಒಂದು ಜಾಲವಿಳಾಸವೂ ಇದ್ದರೆ, ಇಲ್ಲವೇ ಪವರ್‌ಶೆಲ್ (ಆಜ್ಞೆಗಳನ್ನು ಓಡಿಸುವ ವಿಂಡೋಸಿನ ಸಾಧನ) ಎಂಬ ಹೆಸರಿನ ಮುಂದೆ ಓದಲು ಬಾರದ ಉದ್ದನೆಯ ಅಕ್ಷರಮಾಲೆ ಇದ್ದರೆ, ಹುಡುಕುತ್ತಿದ್ದುದು ಸಿಕ್ಕಿತು. ನಿಮ್ಮ ಟಿಪ್ಪಣಿಯಲ್ಲಿರುವ ಅಂತರದೊಂದಿಗೆ ಟ್ರಿಗರಿನ ಅಂತರ ತಾಳೆಯಾಗುತ್ತದೆಯೇ ನೋಡಿ. ಮೊದಲು ‘ಡಿಸೇಬಲ್’ ಮಾಡಿ ಒಂದು ದಿನ ಕಾದು, ತೊಂದರೆ ನಿಂತರೆ ಮಾತ್ರ ಅಳಿಸಿ.

ಕಂಪ್ಯೂಟರ್ ಹೊತ್ತಿಕೊಂಡಾಗ ಪ್ರೋಗ್ರಾಂಗಳು ತಾವಾಗಿ ಏಳಲು ನೋಂದಾಯಿಸಿಕೊಳ್ಳುವ ಇನ್ನೂ ಹತ್ತಾರು ಜಾಗಗಳಿವೆ. ಅವೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ತೋರಿಸುವುದು ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಬಳಗದ ‘ಆಟೋರನ್ಸ್’ ಎಂಬ ಉಚಿತ ಉಪಕರಣ. ಆಯ್ಕೆಗಳಲ್ಲಿ ಮೈಕ್ರೋಸಾಫ್ಟಿನದೇ ಆದ ನಮೂದುಗಳನ್ನು ಮರೆಮಾಡಿದರೆ ನೂರಾರು ಸಾಲುಗಳು ಕೆಲವೇ ಹತ್ತುಗಳಿಗೆ ಇಳಿಯುತ್ತವೆ. ಅಲ್ಲಿಯೂ ಅಳಿಸದೆ ಗುರುತು ತೆಗೆದು ನೋಡುವುದೇ ಕ್ರಮ.

ಸ್ಕ್ಯಾನ್ ಮಾಡುವ ಸರದಿ ಈಗ. ಅದಕ್ಕೂ ಮುನ್ನ ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಎಕ್ಸ್‌ಕ್ಲೂಷನ್ಸ್’ ಎಂಬ ಪಟ್ಟಿಯನ್ನು ತೆರೆದು ನೋಡಿ. ಕುತಂತ್ರಾಂಶಗಳು ತಮ್ಮ ಫೋಲ್ಡರನ್ನೋ, ಕೆಲವೊಮ್ಮೆ ಇಡೀ ಸಿ ಡ್ರೈವನ್ನೋ ಅಲ್ಲಿ ಸೇರಿಸಿಬಿಡುತ್ತವೆ. ಆಮೇಲೆ ಎಷ್ಟು ಸ್ಕ್ಯಾನ್ ಮಾಡಿದರೂ ಹಸಿರು ಗುರುತೇ. ನೀವು ಸೇರಿಸದ್ದನ್ನು ತೆಗೆದು, ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ಮರುಪ್ರಾರಂಭವಾಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಸುಮಾರು 15 ನಿಮಿಷ ತಪಾಸಣೆ ನಡೆಯುತ್ತದೆ. ವಿಂಡೋಸ್ ಓಡುತ್ತಿರುವಾಗ ಅಡಗಿಕೊಳ್ಳುವವುಗಳಿಗೆ ಆ ಹೊತ್ತಿನಲ್ಲಿ ಅಡಗಲು ಅವಕಾಶವಿಲ್ಲ. ಎರಡನೆಯ ಅಭಿಪ್ರಾಯ ಬೇಕಿದ್ದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇದೆ. ಅದು ಇಳಿಸಿಕೊಂಡ 10 ದಿನಕ್ಕೆ ನಿಷ್ಕ್ರಿಯವಾಗುವುದರಿಂದ ಪ್ರತಿ ಬಾರಿ ಹೊಸದಾಗಿ ಇಳಿಸಿಕೊಳ್ಳಬೇಕು. ಸದಾ ಕಾವಲು ಕಾಯುವ ಆಂಟಿವೈರಸ್ ಮಾತ್ರ ಒಂದೇ ಇರಲಿ, ಎರಡಿದ್ದರೆ ಒಂದರ ಕಾಲಿಗೆ ಇನ್ನೊಂದು ತೊಡರುತ್ತದೆ.

ಎಲ್ಲ ಸಾಧನಗಳಲ್ಲೂ ಒಂದೇ ತೊಂದರೆಯೇ?

ಅದೇ ವೈ-ಫೈನಲ್ಲಿರುವ ಮೊಬೈಲಿನಲ್ಲೂ ಅದೇ ಅಡ್ಡದಾರಿ ಕಂಡರೆ, ಮೊಬೈಲನ್ನು ವೈ-ಫೈನಿಂದ ಬಿಡಿಸಿ ಮೊಬೈಲ್ ಡೇಟಾದಲ್ಲಿ ನೋಡಿ. ಆಗ ನಿಂತಿತೆಂದರೆ ದೋಷ ರೌಟರಿನಲ್ಲಿದೆ; ಅದರ ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ನಿಜವಾದ ಸಂಖ್ಯಾ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ವಿಳಾಸವನ್ನು ಯಾರೋ ಬದಲಿಸಿರಬಹುದು. ರೌಟರನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸಿ, ನಿರ್ವಾಹಕನ ಪಾಸ್‌ವರ್ಡ್ ಬದಲಿಸಬೇಕು. ಇದು ಅಪರೂಪ, ಆದರೆ ಕಟ್ಟುಕಥೆಯಲ್ಲ: 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಬಯಲಿಗೆಳೆದ ಡಿಎನ್‌ಎಸ್‌ಚೇಂಜರ್ ಜಾಲ 100ಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳ ಡಿಎನ್‌ಎಸ್ ತಿರುಚಿತ್ತು. ಕಂಪ್ಯೂಟರ್ ಒಂದರಲ್ಲಿ ಮಾತ್ರ ತೊಂದರೆಯಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರಾಕ್ಸಿ’ (ನಿಮ್ಮ ಜಾಲಸಂಚಾರವನ್ನು ನಡುವಿನ ಬೇರೊಂದು ಕಂಪ್ಯೂಟರಿನ ಮೂಲಕ ಹಾಯಿಸುವ ವ್ಯವಸ್ಥೆ) ಹೊತ್ತಿಕೊಂಡಿದೆಯೇ ಎಂದಷ್ಟು ನೋಡಿದರೆ ಸಾಕು.

ಮ್ಯಾಕ್ ಬಳಸುವವರು ನೋಡಬೇಕಾದ ಜಾಗಗಳು ಮೂರು: ಸಫಾರಿಯ ಸೆಟ್ಟಿಂಗ್ಸ್‌ನೊಳಗಿನ ‘ನೋಟಿಫಿಕೇಷನ್ಸ್’, ಸಿಸ್ಟಮ್ ಸೆಟ್ಟಿಂಗ್ಸ್‌ನ ‘ಲಾಗಿನ್ ಐಟಮ್ಸ್’, ಮತ್ತು ನೀವು ಹಾಕದ ಕಾನ್ಫಿಗರೇಷನ್ ಪ್ರೊಫೈಲ್‌ಗಳು (ಮ್ಯಾಕಿನ ಮೇಲೆ ನಿಯಮ ಹೇರುವ ಕಡತಗಳು).

ಸದ್ದಿಲ್ಲದ ಸ್ಪೈವೇರ್

ಕಂಪ್ಯೂಟರ್ ನಿಧಾನವಾಗಿದೆ, ಫ್ಯಾನ್ ಜೋರಾಗಿ ತಿರುಗುತ್ತದೆ ಎಂಬುದನ್ನು ಸ್ಪೈವೇರಿನ ಲಕ್ಷಣವೆಂದು ಬಹಳ ಕಡೆ ಬರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಇವು ದುರ್ಬಲ ಸಾಕ್ಷಿಗಳು. ತುಂಬಿದ ಡಿಸ್ಕೂ ಧೂಳು ಕುಳಿತ ಫ್ಯಾನೂ ಇದನ್ನೇ ಮಾಡುತ್ತವೆ. ಗಟ್ಟಿ ಸಾಕ್ಷಿಗಳು ಸಿಗುವುದು ಖಾತೆಗಳಲ್ಲಿ. ನೀವು ಹೋಗದ ಊರಿನಿಂದ ಲಾಗಿನ್, ಕೇಳದೆ ಬಂದ ಓಟಿಪಿ, ಮಿಂಚಂಚೆಯಲ್ಲಿ ನೀವು ಮಾಡದ ಫಾರ್ವರ್ಡಿಂಗ್ ನಿಯಮ, ನೀವು ಕಳಿಸದ ಸಂದೇಶಗಳಿಗೆ ಸ್ನೇಹಿತರಿಂದ ಉತ್ತರ.

2024ರಿಂದ ಹೆಚ್ಚಾಗಿ ಕಾಣುತ್ತಿರುವ ಒಂದು ಹಂಚಿಕೆಯನ್ನು ಪ್ರತ್ಯೇಕವಾಗಿ ಗಮನಿಸಬೇಕು. ನೀವು ಮನುಷ್ಯರೆಂದು ತೋರಿಸಲು ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ನಂತರ ಕಂಟ್ರೋಲ್ ಮತ್ತು ವಿ, ಆಮೇಲೆ ಎಂಟರ್ ಎಂದು ಪುಟವೊಂದು ಸೂಚಿಸುತ್ತದೆ. ಪುಟ ಅಷ್ಟರಲ್ಲಿ ನಿಮ್ಮ ಕ್ಲಿಪ್‌ಬೋರ್ಡಿಗೆ ಒಂದು ಆಜ್ಞೆಯನ್ನು ನಕಲಿಸಿಟ್ಟಿರುತ್ತದೆ. ಗೋಡೆಯಾಚೆಯ ಜಾಲಪುಟಕ್ಕೆ ತಾನೇ ಮಾಡಲಾಗದ್ದನ್ನು ನಿಮ್ಮ ಕೈಯಿಂದ ಮಾಡಿಸುವ ಉಪಾಯವಿದು. ಕ್ಲಿಕ್‌ಫಿಕ್ಸ್ ಎಂಬುದು ಇದಕ್ಕೆ ಬಿದ್ದ ಹೆಸರು. ಮನೆಯಲ್ಲಿ ಯಾರಾದರೂ ಹೀಗೆ ಮಾಡಿದ್ದಾರೆಯೇ ಎಂದು ತಿಳಿಯಲು ವಿಂಡೋಸ್ ಮತ್ತು ಆರ್ ಒತ್ತಿ, ಬರುವ ಸಣ್ಣ ಪೆಟ್ಟಿಗೆಯ ಬಲತುದಿಯ ಬಾಣವನ್ನು ಕ್ಲಿಕ್ ಮಾಡಿ ಹಿಂದೆ ಬರೆದ ಆಜ್ಞೆಗಳ ಪಟ್ಟಿ ನೋಡಿ. ಪವರ್‌ಶೆಲ್ (powershell) ಅಥವಾ ಎಂಎಸ್‌ಎಚ್‌ಟಿಎ (mshta) ಎಂದು ಶುರುವಾಗಿ ಜಾಲವಿಳಾಸವೊಂದನ್ನು ಹೊತ್ತ ಸಾಲು ಕಂಡರೆ, ಎಂಟರ್ ಒತ್ತದೆ ಪೆಟ್ಟಿಗೆ ಮುಚ್ಚಿ ಇಂಟರ್ನೆಟ್ ಸಂಪರ್ಕ ಕಡಿಯಿರಿ.

ಹೀಗೆ ಬರುವ ಕಳ್ಳ ತಂತ್ರಾಂಶ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನೂ, ನೀವು ಲಾಗಿನ್ ಆಗಿರುವ ಗುರುತನ್ನು ಹೊತ್ತ ಕುಕೀಗಳನ್ನೂ ಬಾಚಿಕೊಂಡು ಕೆಲವೇ ನಿಮಿಷಗಳಲ್ಲಿ ಕಳಿಸಿ, ತನ್ನ ಕುರುಹು ಅಳಿಸಿಕೊಂಡು ಹೋಗಿರಲೂಬಹುದು. ಆಮೇಲೆ ಸ್ಕ್ಯಾನ್ ಶುದ್ಧವೆಂದರೆ ಸಮಾಧಾನಪಡುವಂತಿಲ್ಲ. ಕುಕೀ ಕಳುವಾದಾಗ ಪಾಸ್‌ವರ್ಡೂ ಓಟಿಪಿಯೂ ಇಲ್ಲದೆಯೇ ಕಳ್ಳ ಒಳಗಿರುತ್ತಾನೆ, ಏಕೆಂದರೆ ಅವನ ಬಳಿ ಇರುವುದು ಈಗಾಗಲೇ ಬಾಗಿಲು ದಾಟಿದವನ ಗುರುತಿನ ಚೀಟಿ. ಆದ್ದರಿಂದ ಬೇರೊಂದು ಶುದ್ಧ ಸಾಧನದಿಂದ, ಮೊದಲು ಮುಖ್ಯ ಮಿಂಚಂಚೆಯ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿಸಿ, ಮರುಪಡೆಯಲು ಕೊಟ್ಟಿರುವ ಫೋನ್ ಸಂಖ್ಯೆ ಮತ್ತು ಫಾರ್ವರ್ಡಿಂಗ್ ನಿಯಮಗಳನ್ನು ನೋಡಿ, ಎರಡು ಹಂತದ ದೃಢೀಕರಣ ಹಾಕಿ. ಬ್ಯಾಂಕ್ ಮತ್ತು ಉಳಿದ ಖಾತೆಗಳು ಅನಂತರ, ಏಕೆಂದರೆ ಮಿಂಚಂಚೆ ಕಳ್ಳನ ಕೈಯಲ್ಲಿದ್ದರೆ ಉಳಿದ ಪಾಸ್‌ವರ್ಡುಗಳನ್ನು ಅವನು ಮತ್ತೆ ಬದಲಿಸಬಲ್ಲ. ಸೋಂಕಿರುವ ಕಂಪ್ಯೂಟರಿನಲ್ಲೇ ಕುಳಿತು ಪಾಸ್‌ವರ್ಡ್ ಬದಲಿಸಿದರೆ ಹೊಸದನ್ನೂ ಕೈಯಾರೆ ಒಪ್ಪಿಸಿದಂತಾಗುತ್ತದೆ.

ಬೇಹುಗಾರಿಕೆಯ ತಂತ್ರಾಂಶವನ್ನು ಪರಿಚಿತರೊಬ್ಬರೇ ಹಾಕಿದ್ದಾರೆಂಬ ಶಂಕೆಯಿದ್ದರೆ ಕೂಡಲೇ ಅಳಿಸುವುದು ಯಾವಾಗಲೂ ಜಾಣತನವಲ್ಲ. ಅಳಿಸಿದ್ದು ಅವರಿಗೆ ತಿಳಿಯುತ್ತದೆ, ಸಾಕ್ಷಿಯೂ ಹೋಗುತ್ತದೆ. ಅವರ ಕೈಗೆ ಸಿಗದ ಬೇರೆ ಸಾಧನದಿಂದ ನಂಬಿಕಸ್ಥರ ನೆರವು ಕೇಳಿ, ನಂತರ ಮುಂದುವರಿಯಿರಿ.

ಅಳಿಸಿ ಹೊಸದಾಗಿ ಹಾಕುವುದು

ನೋಟಿಫಿಕೇಷನ್ ಮತ್ತು ಎಕ್ಸ್‌ಟೆನ್ಷನ್‌ಗಳ ತೊಂದರೆಗೆ ವಿಂಡೋಸ್ ಅಳಿಸುವುದು ನೊಣಕ್ಕೆ ಕೊಡಲಿ ಎತ್ತಿದಂತೆ. ಆದರೆ ದೂರನಿಯಂತ್ರಣವನ್ನು ಅಪರಿಚಿತರಿಗೆ ಕೊಟ್ಟಿದ್ದರೆ, ಮೇಲೆ ಹೇಳಿದ ಆಜ್ಞೆ ಓಡಿದ್ದರೆ, ಇಲ್ಲವೇ ತೆಗೆದ ಕುತಂತ್ರಾಂಶ ಎರಡನೆಯ ಬಾರಿ ಮರಳಿದರೆ, ನಾನು ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತ ಕೂರುವುದಿಲ್ಲ. ದಾಖಲೆಗಳನ್ನೂ ಚಿತ್ರಗಳನ್ನೂ ಹೊರಗಿನ ಡಿಸ್ಕಿಗೆ ನಕಲಿಸಿ, ಇಳಿಸಿಟ್ಟುಕೊಂಡ ಇನ್‌ಸ್ಟಾಲರ್‌ಗಳನ್ನು ಬಿಟ್ಟು, ‘ರೀಸೆಟ್ ದಿಸ್ ಪಿಸಿ’ಯಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆಯನ್ನೂ ಮೂಲ ಕಡತಗಳನ್ನು ಕ್ಲೌಡಿನಿಂದ ತರಿಸಿಕೊಳ್ಳುವ ಆಯ್ಕೆಯನ್ನೂ ಬಳಸಿ. ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆ ಇಂಥ ಪ್ರಕರಣಗಳಿಗೆ ತಕ್ಕದ್ದಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹೇಗೂ ಹೊಸದಾಗಿ ಹಾಕುವವರು ಕಂಪ್ಯೂಟರ್ ತಾಳುವುದಾದರೆ 11ಕ್ಕೆ ಹೋಗುವುದು ಒಳಿತು.

ಯಾವ ದಾರಿಯಿಂದ ಸರಿಪಡಿಸಿದರೂ ಕೆಲಸ ಮುಗಿಯಿತೆಂದು ಹೇಳುವ ಮುನ್ನ ಮೊದಲ ದಿನ ಬರೆದಿಟ್ಟ ಟಿಪ್ಪಣಿಯನ್ನು ತೆಗೆಯಿರಿ. ಪಾಪ್‌-ಅಪ್ ಗಂಟೆಗೊಮ್ಮೆ ಬರುತ್ತಿದ್ದರೆ ಒಂದು ಇಡೀ ದಿನ, ದಿನಕ್ಕೊಮ್ಮೆ ಬರುತ್ತಿದ್ದರೆ ಒಂದು ವಾರ, ಕಂಪ್ಯೂಟರನ್ನು ಎಂದಿನಂತೆ ಬಳಸಿ, ನಡುವೆ ಎರಡು ಮೂರು ಸಲ ಮರುಪ್ರಾರಂಭಿಸಿ, ಬ್ರೌಸರಿಗೆ ಲಾಗಿನ್ ಆಗಿ ಸಿಂಕ್ ಮುಗಿಯಲು ಬಿಟ್ಟು ನೋಡಿ. ಆ ಅವಧಿಯಲ್ಲಿ ಒಮ್ಮೆಯೂ ಬರದಿದ್ದರೆ ಮೊಬೈಲಿನಲ್ಲಿರುವ ಫೋಟೋ ಅಳಿಸಬಹುದು.